ಪೋಡಿಯಂ ಮೇಲೆ ಮುಷ್ಟಿ: ಕಾಲೇಜು ಬ್ಯಾಚಿನ ಗುಂಪಿನಲ್ಲಿ ಜಟಾಪಟಿ

ಸತೀಶ್: (ಫಾರ್ವರ್ಡ್, ಪದಕ ವೇದಿಕೆಯ ಫೋಟೊ ಜೊತೆ) "ಮೆಕ್ಸಿಕೊ ಒಲಿಂಪಿಕ್ಸ್, 1968. ಮುಷ್ಟಿ ಎತ್ತಿದ್ದಕ್ಕೆ ಪದಕವನ್ನೇ ಕಿತ್ತುಕೊಂಡರು!"
ಸತೀಶ್: ಓಡ್ಲಿಕ್ಕೆ ಹೋದವರು ಓಡಿ ಬರಬೇಕಪ್ಪ. ರಾಜಕೀಯ ಎಂತಕ್ಕೆ?

ಲವೀನಾ: ಪದಕ ಯಾರೂ ಕಿತ್ತುಕೊಂಡದ್ದಿಲ್ಲ ಮಾರಾಯ. ಮುಷ್ಟಿ ಎತ್ತಿದ್ದು ಅಮೆರಿಕದ ಇಬ್ಬರು ಕಪ್ಪು ಓಟಗಾರರು, ವರ್ಣಭೇದದ ವಿರುದ್ಧ. 200 ಮೀಟರ್‌ನಲ್ಲಿ ಟಾಮಿ ಸ್ಮಿತ್‌ದು ಚಿನ್ನ, 19.83 ಸೆಕೆಂಡ್, ವಿಶ್ವದಾಖಲೆ. ಜಾನ್ ಕಾರ್ಲೋಸ್‌ದು ಕಂಚು. ಎರಡೂ ಅವರ ಹತ್ತಿರವೇ ಉಳಿದವು. ಸಿಕ್ಕಿದ್ದು ತಂಡದಿಂದ ಅಮಾನತು, ಕ್ರೀಡಾಗ್ರಾಮದಿಂದ ಗೇಟ್‌ಪಾಸ್.

ಹಮೀದ್: ಫೋಟೊ ಝೂಮ್ ಮಾಡಿ. ಸ್ಮಿತ್ ಎತ್ತಿದ್ದು ಬಲಗೈ, ಕಾರ್ಲೋಸ್ ಎಡಗೈ. ಕಾರ್ಲೋಸ್ ತನ್ನ ಗ್ಲೌಸ್ ಮರೆತು ಬಂದಿದ್ದ. ಇದ್ದ ಒಂದು ಜೋಡಿಯನ್ನೇ ಹಂಚಿಕೊಳ್ಳಿ ಅಂದವನು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ, ಪೀಟರ್ ನಾರ್ಮನ್. ಸ್ಮಿತ್, ಕಾರ್ಲೋಸ್ ಇಬ್ಬರ ಕಾಲಲ್ಲೂ ಶೂ ಇಲ್ಲ, ಬರೀ ಕಪ್ಪು ಸಾಕ್ಸ್. ಅದು ಕಪ್ಪು ಜನರ ಬಡತನ ತೋರಿಸ್ಲಿಕ್ಕೆ. ಮಾನವ ಹಕ್ಕುಗಳ ಬ್ಯಾಡ್ಜ್ ಮಾತ್ರ ನಾರ್ಮನ್ ಎದೆಯಲ್ಲೂ ಉಂಟು. 2006ರಲ್ಲಿ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇವರಿಬ್ಬರೂ ಇದ್ದರು.

ಸತೀಶ್: ಅದೆಲ್ಲ ಸರಿ. ನಾಳೆ ಮಂಗಳಾ ಸ್ಟೇಡಿಯಂನಲ್ಲಿ ಒಬ್ಬೊಬ್ಬ ಒಂದೊಂದು ಬೋರ್ಡ್ ಹಿಡ್ಕೊಂಡು ನಿಂತರೆ ಮೀಟ್ ನಡೆಸುವುದು ಹೇಗೆ? ರೂಲ್ಸ್ ಅಂತ ಒಂದು ಬೇಡ್ವಾ?

ಲವೀನಾ: ಉಂಟಲ್ಲ, ಒಲಿಂಪಿಕ್ ಚಾರ್ಟರ್‌ನ 50ನೇ ನಿಯಮ, ಕೂಟದಲ್ಲಿ ರಾಜಕೀಯ ಪ್ರದರ್ಶನ ಕೂಡದು ಅಂತ. 2021ರಲ್ಲಿ ಟೋಕಿಯೊಗೆ ಮುಂಚೆ ಸ್ವಲ್ಪ ಸಡಿಲ ಮಾಡಿದರು. ಸ್ಪರ್ಧೆ ಶುರುವಾಗುವ ಮೊದಲು ಅಂಕಣದಲ್ಲಿ ಪ್ರತಿಭಟನೆಗೆ ಮಂಡಿಯೂರಬಹುದು. ಬ್ರಿಟನ್ನಿನ ಮಹಿಳಾ ಫುಟ್ಬಾಲ್ ತಂಡ ಹಾಗೇ ಮಾಡಿತು. ಪತ್ರಕರ್ತರ ಹತ್ತಿರ ಮಾತಾಡಬಹುದು. ಆಟದ ಮಧ್ಯೆ, ಕ್ರೀಡಾಗ್ರಾಮದಲ್ಲಿ, ಪದಕ ಕೊಡುವಾಗ ಮಾತ್ರ ಕೂಡದು. ಆ ಲೆಕ್ಕದಲ್ಲಿ ನೀನು ಹಾಕಿದ ಫೋಟೊ ಟೋಕಿಯೊದಲ್ಲೂ ತಪ್ಪೇ ಆಗ್ತಿತ್ತು. ನನಗೆ ಕೇಳಿದ್ರೆ, ಎಲ್ಲರೂ ನೋಡುವ ಪದಕದ ಹೊತ್ತನ್ನೇ ಸಡಿಲ ಮಾಡಲಿಲ್ಲ.

ಹಮೀದ್: ಕ್ರಿಕೆಟ್‌ನಲ್ಲಿ ಇನ್ನೂ ಬಿಗಿ. ತೋಳಿಗೆ ಕಪ್ಪು ಪಟ್ಟಿ ಕಟ್ಟಬೇಕಾದರೂ ದೇಶದ ಮಂಡಳಿ ಮತ್ತು ಅಂತರರಾಷ್ಟ್ರೀಯ ಮಂಡಳಿ ಐಸಿಸಿ, ಎರಡರದ್ದೂ ಒಪ್ಪಿಗೆ ಮೊದಲೇ ಬೇಕು. 2023ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಆಟಗಾರ ಉಸ್ಮಾನ್ ಖವಾಜಾ ಸಿಕ್ಕಿಬಿದ್ದದ್ದು ಅಲ್ಲೇ. ಶೂ ಮೇಲೆ ಬರೆದಿದ್ದ ಸಂದೇಶಕ್ಕೆ ಟೇಪ್ ಅಂಟಿಸಿದ, ಆದರೆ ಒಪ್ಪಿಗೆ ಇಲ್ಲದೆ ಕಪ್ಪು ಪಟ್ಟಿ ಕಟ್ಟಿದ. ಛೀಮಾರಿ ಬಂತು.

ಸತೀಶ್: ನೋಡು, ನಾನು ಹೇಳಿದ್ದೂ ಅದೇ!

ಲವೀನಾ: ಹಾಗಾದ್ರೆ 2019ರ ವಿಶ್ವಕಪ್‌ನಲ್ಲಿ ಧೋನಿ ಗ್ಲೌಸ್ ಮೇಲಿನ ಸೇನೆಯ ಚಿಹ್ನೆ ತೆಗೀರಿ ಅಂತ ಐಸಿಸಿ ಹೇಳಿದ್ದು ಸರಿಯಾ?

ಸತೀಶ್: ಅದು ಬೇರೆ. ಅದು ದೇಶದ ವಿಷಯ.

ಹಮೀದ್: ಐಸಿಸಿಗೆ ಎಂತ ಬೇರೆ? ಬಿಸಿಸಿಐ ಕೇಳಿಕೊಂಡರೂ ಒಪ್ಪಲಿಲ್ಲ. ಬಟ್ಟೆ, ಸಲಕರಣೆ ಮೇಲೆ ಆಟಗಾರನ ಸ್ವಂತ ಸಂದೇಶ ಬೇಡ ಅಂದರು.

ಸತೀಶ್: ಧೋನಿಯನ್ನು ಇದರಲ್ಲಿ ಎಳೀಬೇಡಿ ಮಾರಾಯ್ರೆ.

ಲವೀನಾ: ರೂಲ್ಸ್ ಬೇಕು ಅಂದದ್ದು ನೀನೇ.