ಆರೋಪಿಯೇ ಸಾಕ್ಷಿ ನುಡಿದಾಗ: 'ಕ್ರೆಡಿಬಿಲಿಟಿ'ಗೆ 'ವಿಶ್ವಾಸಾರ್ಹತೆ' ಸಾಕಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಪೌರತ್ವ ಸಿಕ್ಕವರಿಗೆ ಜ್ಯೂರಿಗೆ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪಿಗೆ, ಬನ್ನಿ ಅಂತ ಕೋರ್ಟಿನಿಂದ ಕರೆ ಬರುತ್ತದೆ. ಮೊದಲ ಸಲ ಹೋಗುವ ಕನ್ನಡದ ಗೆಳೆಯರಿಗೆ ಓದಲು ಕೊಡೋಣ ಅಂತ, ಕ್ರಿಮಿನಲ್ ಕೇಸಿನಲ್ಲಿ ನ್ಯಾಯಾಧೀಶರು ಜ್ಯೂರಿಗೆ ಓದಿ ಹೇಳುವ ಸೂಚನೆಗಳನ್ನು ಕನ್ನಡದಲ್ಲಿ ವಿವರಿಸಿ ಬರೆಯುತ್ತಿದ್ದೇನೆ. ಸಾಕ್ಷಿಗಳ ಬಗೆಗಿನ 226ನೇ ಸೂಚನೆಗೆ ಬಂದು ನಿಂತುಬಿಟ್ಟೆ. ಸಾಕ್ಷಿಗಳ 'ಕ್ರೆಡಿಬಿಲಿಟಿ ಅಥವಾ ಬಿಲೀವಬಿಲಿಟಿ'ಯನ್ನು ನೀವೇ ತೀರ್ಮಾನಿಸಬೇಕು ಅಂತ ಅಲ್ಲಿದೆ. ಇಂಗ್ಲಿಷಿನವರೂ ಒಂದು ಪದ ಸಾಲದು ಅಂತ ಪಕ್ಕದಲ್ಲಿ ಸುಲಭದ ಇನ್ನೊಂದನ್ನು ಇಟ್ಟಿದ್ದಾರೆ, ಅಲ್ವಾ?

ನಮ್ಮಲ್ಲಿ ಎಲ್ಲರೂ ಬರೆಯುವುದು 'ವಿಶ್ವಾಸಾರ್ಹತೆ'. ನನಗೆ ಅದು ಇಲ್ಲಿ ಹೊಂದುತ್ತಿಲ್ಲ. ವಿಶ್ವಾಸಾರ್ಹ ವ್ಯಕ್ತಿ ಅಂದರೆ ಮನೆ ಬೀಗದ ಕೈ ಕೊಟ್ಟು ಊರಿಗೆ ಹೋಗಬಹುದಾದವನು. ಆ ಪದ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಜ್ಯೂರಿ ನೋಡಬೇಕಾದದ್ದು ಅವನು ಈ ಕಟಕಟೆಯಲ್ಲಿ ನಿಂತು ಹೇಳಿದ ಮಾತನ್ನು. ಅವನಿಗೆ ಅದು ಸರಿಯಾಗಿ ಕಂಡಿತ್ತಾ, ಎಷ್ಟು ನೆನಪಿದೆ, ಮೊದಲು ಬೇರೆ ಏನಾದರೂ ಹೇಳಿದ್ದನಾ, ಈ ಕೇಸಿನಲ್ಲಿ ಅವನ ಸ್ವಂತ ಹಿತ ಏನಿದೆ, ಇಂಥವನ್ನು ಕೇಳಿಕೊಳ್ಳಿ ಅಂತ ಸೂಚನೆ ಹೇಳುತ್ತದೆ. ಅವನ ಮಾತನ್ನು ಪೂರ್ತಿ ನಂಬಬಹುದು, ಸ್ವಲ್ಪ ನಂಬಬಹುದು, ಏನೂ ನಂಬದೆಯೂ ಇರಬಹುದು. 'ಅರ್ಧ ವಿಶ್ವಾಸಾರ್ಹ' ಅಂತ ಕನ್ನಡದಲ್ಲಿ ಹೇಳೋದು ಹೇಗೆ?

ಆರೋಪಿಯೇ ಸಾಕ್ಷಿ ನುಡಿದಾಗ ಈ ತೊಡಕು ಜಾಸ್ತಿಯಾಗುತ್ತದೆ. ಅವನು ಬಾಯಿ ಬಿಡಲೇಬೇಕು ಅಂತೇನೂ ಇಲ್ಲ. ಸುಮ್ಮನಿದ್ದ ಅಂತ ಅವನ ಮೇಲೆ ಅನುಮಾನ ಪಡಬೇಡಿ ಅಂತ ಬೇರೆ ಸೂಚನೆಯೇ ಇದೆ. ಆದರೆ ಪ್ರಮಾಣ ಮಾಡಿ ಮಾತಾಡಿದನೋ, ಪಾಟೀಸವಾಲಿಗೂ ಸಿಗುತ್ತಾನೆ, ಹಿಂದೆ ದೊಡ್ಡ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ನ್ಯಾಯಾಧೀಶರು ಒಪ್ಪಿದರೆ ಅದೂ ಜ್ಯೂರಿಯ ಕಿವಿಗೆ ಬೀಳುತ್ತದೆ. ಆ ಹಳೇ ಶಿಕ್ಷೆಯನ್ನು ಅವನ ಇವತ್ತಿನ ಮಾತನ್ನು ನಂಬಬೇಕಾ ಬೇಡವಾ ಅಂತ ನೋಡಲು ಮಾತ್ರ ಬಳಸಬೇಕು, 'ಆಗ ಮಾಡಿದವನು ಈಗಲೂ ಮಾಡಿರ್ತಾನೆ' ಅನ್ನಲು ಬಳಸುವ ಹಾಗಿಲ್ಲ. ನಾನು ಇಲ್ಲಿ 'ಆರೋಪಿಯ ವಿಶ್ವಾಸಾರ್ಹತೆ' ಅಂತ ಬರೆದರೆ, ಓದುವವರು ತಕ್ಷಣ ಅವನು ಎಂಥ ಮನುಷ್ಯ ಅನ್ನುವ ಕಡೆಗೇ ಹೋಗುತ್ತಾರೆ. ಅಂದರೆ ನನ್ನ ಪದವೇ ಅವರನ್ನು ತಪ್ಪು ದಾರಿಗೆ ಹತ್ತಿಸಿದಂತೆ. ಒಬ್ಬ ಮನುಷ್ಯ ಜೈಲಿಗೆ ಹೋಗಬೇಕಾ ಬೇಡವಾ ಅನ್ನುವ ವಿಷಯ ಇದು, ಹಾಗಾಗಿ ಸುಮ್ನೆ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಆರೋಪಿಯ ಮಾತನ್ನು ನಂಬಬಹುದಾ ಅನ್ನುವ ಅನುಮಾನ ಹಳೆಯದು. ತನ್ನ ತಲೆ ಉಳಿಸಿಕೊಳ್ಳಲು ಸುಳ್ಳು ಹೇಳಿಯೇ ಹೇಳುತ್ತಾನೆ ಅಂತ, ಆರೋಪಿಗೆ ಪ್ರಮಾಣ ಮಾಡಿ ಮಾತಾಡುವ ಅವಕಾಶವನ್ನೇ ಮೊದಲು ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ ಮೇನ್ ರಾಜ್ಯ 1864ರಲ್ಲಿ ಕೊಟ್ಟಿತು, ಇಂಗ್ಲೆಂಡಿನಲ್ಲಿ 1898ರ ಕಾಯ್ದೆಯಿಂದ ಸಿಕ್ಕಿತು. ಅಮೆರಿಕದ ಜಾರ್ಜಿಯಾ ರಾಜ್ಯ 1961ರಲ್ಲೂ ಹಳೇ ನಿಯಮವನ್ನೇ ಹಿಡಿದುಕೊಂಡಿತ್ತು.

ಹಾಸನದಲ್ಲಿರುವ ನಮ್ಮ ಮಾವನವರನ್ನು ಕೇಳಿದೆ. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. "ವಿಶ್ವಾಸಾರ್ಹತೆ ಯಾಕಮ್ಮ, ಸಾಕ್ಷಿಯ ನುಡಿ ನಂಬಲರ್ಹ ಅಂತ ಬರೀ" ಅಂದರು. ಇದು ಹಿಡಿಸಿತು, 'ನುಡಿ' ಅಂದ ಕೂಡಲೇ ಪದ ಮಾತಿನ ಮೇಲೆ ಕೂರುತ್ತದೆ. ಅವರೇ ಇನ್ನೊಂದು ಮಾತೂ ಹೇಳಿದರು. ನಮ್ಮ ಕಡೆ ಆರೋಪಿ ನ್ಯಾಯಾಧೀಶರ ಪ್ರಶ್ನೆಗಳಿಗೆ ಪ್ರಮಾಣ ಮಾಡದೆ ಉತ್ತರ ಕೊಡುತ್ತಾನೆ, ಹಳೇ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಅದಕ್ಕೂ 'ಹೇಳಿಕೆ' ಅನ್ನುತ್ತಾರೆ, ಪೊಲೀಸರ ಮುಂದೆ ಹೇಳಿದ್ದಕ್ಕೂ ಪೇಪರಿನವರು 'ಹೇಳಿಕೆ' ಅನ್ನುತ್ತಾರೆ. ಆದ್ದರಿಂದ ಆರೋಪಿ ಪ್ರಮಾಣ ಮಾಡಿ ಕಟಕಟೆಯಲ್ಲಿ ಹೇಳಿದ್ದಕ್ಕೆ ನಾನು 'ಹೇಳಿಕೆ' ಬಿಟ್ಟು 'ಸಾಕ್ಷಿ ನುಡಿದ' ಅಂತಲೇ ಬರೆಯುತ್ತಿದ್ದೇನೆ.

'ಮಾತಿನ ತೂಕ' ಆಗುತ್ತದಾ ಅಂತಲೂ ಯೋಚಿಸಿದೆ. ಆದರೆ 'ಅವರ ಮಾತಿಗೆ ತೂಕ ಇದೆ' ಅಂದರೆ ಊರಲ್ಲಿ ಅವರು ದೊಡ್ಡವರು ಅಂತಲೇ ಅರ್ಥ. ನನಗೆ ಹೊಳೆದ ಇನ್ನೊಂದು ಜೋಡಿ 'ನಂಬು' ಮತ್ತು 'ನೆಚ್ಚು'. ಕತ್ತಲಲ್ಲಿ ದೂರದಿಂದ ನೋಡಿದ ಪ್ರಾಮಾಣಿಕ ಸಾಕ್ಷಿಯನ್ನು ನಂಬಬಹುದು, ಅವನು ಸುಳ್ಳು ಹೇಳುತ್ತಿಲ್ಲ, ಆದರೆ ಅವನ ಮಾತನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಈ ವ್ಯತ್ಯಾಸ ನಿಮ್ಮ ಕಿವಿಗೂ ಕೇಳಿಸುತ್ತದಾ, ಅಥವಾ ನನಗೆ ಮಾತ್ರವಾ?

ಕೊನೆಯದು. ಆರೋಪಿಯ ಮಾತು ನಂಬುವ ಹಾಗಿಲ್ಲ ಅನ್ನಿಸಿದರೂ ಅಷ್ಟಕ್ಕೇ ಅವನು ತಪ್ಪಿತಸ್ಥ ಆಗುವುದಿಲ್ಲ. ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧವನ್ನು ಸಾಬೀತು ಮಾಡುವ ಭಾರ ಸರ್ಕಾರದ ಕಡೆಯ ವಕೀಲರದ್ದೇ. ಹಾಗಾಗಿ 'ನಂಬಲಿಲ್ಲ' ಅನ್ನುವುದನ್ನು 'ಸುಳ್ಳುಗಾರ' ಅಂತ ಓದಿಕೊಳ್ಳದ ಹಾಗೆ ಹೇಳುವ ಪದ ಬೇಕು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಕೋರ್ಟುಗಳಲ್ಲಿ ವಕೀಲರು ಇದಕ್ಕೆ ಏನನ್ನುತ್ತಾರೆ? ಕೇಳಿದ್ದವರು ದಯವಿಟ್ಟು ಬರೆಯಿರಿ, ಪೂರ್ತಿ ವಾಕ್ಯದ ಸಮೇತ ಬರೆದರೆ ಇನ್ನೂ ಒಳ್ಳೆಯದು.