ಅರ್ಜಿಯಲ್ಲಿ ನೆರವು ಕೇಳಬೇಕೆ, ಬೇಡವೆ: ಅಮೆರಿಕದ ಪದವಿ ಪ್ರವೇಶ ಕುರಿತ ಚರ್ಚೆ

ತೀರ್ಥಹಳ್ಳಿಯ ಪೋಷಕ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದಾಳೆ. ಅಮೆರಿಕದಲ್ಲಿ ಜೀವಶಾಸ್ತ್ರದ ಪದವಿ ಓದಬೇಕೆಂಬುದು ಅವಳ ಬಹುದಿನದ ಆಸೆ. ನಮ್ಮದು ಅಡಿಕೆ ತೋಟದ ಆದಾಯ. ಪತ್ನಿ ಸರ್ಕಾರಿ ಶಾಲೆಯ ಶಿಕ್ಷಕಿ. ಎಷ್ಟು ಪ್ರಯತ್ನಪಟ್ಟರೂ ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಹೊಂದಿಸಲಾರೆವು. ನಾವು ಭೇಟಿಯಾದ ಕನ್ಸಲ್ಟೆನ್ಸಿಯವರು, ‘ಆರ್ಥಿಕ ನೆರವಿಗೆ ಅರ್ಜಿ ಸಲ್ಲಿಸುತ್ತೀರಾ’ ಎಂದು ಕಾಮನ್ ಆಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ತಾಣ) ಕೇಳುವ ಪ್ರಶ್ನೆಗೆ ‘ಇಲ್ಲ’ ಎಂದೇ ಉತ್ತರಿಸಬೇಕು, ‘ಹೌದು’ ಎಂದರೆ ವಿದೇಶಿ ವಿದ್ಯಾರ್ಥಿಯ ಅರ್ಜಿಯನ್ನು ಬದಿಗಿಡುತ್ತಾರೆ, ಸೀಟು ಸಿಕ್ಕ ಮೇಲೆ ನೆರವು ಕೇಳಿದರಾಯಿತು ಎನ್ನುತ್ತಿದ್ದಾರೆ. ಈ ಸಲಹೆಯನ್ನು ನಂಬಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಜಯನಗರದ ಓದುಗ
ಸರ್, ಸಲಹೆ ಕಠಿಣವೆನಿಸಿದರೂ ವಾಸ್ತವಕ್ಕೆ ಹತ್ತಿರವಾಗಿದೆ. ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವು ವಿದೇಶಿಯರಿಗೆ ಸಿಗುವುದಿಲ್ಲ. ಆದ್ದರಿಂದ ನಮ್ಮ ಮಕ್ಕಳಿಗೆ ಕೊಡುವ ಪ್ರತಿ ಡಾಲರೂ ಆಯಾ ಕಾಲೇಜಿನ ಸ್ವಂತ ನಿಧಿಯಿಂದಲೇ ಬರಬೇಕು. ಈ ಕಾರಣಕ್ಕೆ ಅಲ್ಲಿನ ಬಹುಪಾಲು ಕಾಲೇಜುಗಳು ವಿದೇಶಿ ಅರ್ಜಿದಾರರ ಮಟ್ಟಿಗೆ ‘ನೀಡ್-ಅವೇರ್’ ಪದ್ಧತಿಯನ್ನು ಅನುಸರಿಸುತ್ತವೆ, ಅಂದರೆ ವಿದ್ಯಾರ್ಥಿ ಎಷ್ಟು ಹಣ ಕೇಳುತ್ತಿದ್ದಾರೆ ಎಂಬುದನ್ನೂ ಗಮನಿಸಿಯೇ ಪ್ರವೇಶ ತೀರ್ಮಾನಿಸುತ್ತವೆ. ನನ್ನ ಮಗ ನೆರವು ಕೇಳದೆ ಅರ್ಜಿ ಹಾಕಿ, ಶೈಕ್ಷಣಿಕ ಸಾಲ ಪಡೆದು ಅಲ್ಲಿನ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಮೊದಲು ಪ್ರವೇಶ ಸಿಗಲಿ; ಸಾಲ, ಕ್ಯಾಂಪಸ್ ಕೆಲಸ ಇವುಗಳ ದಾರಿ ಆಮೇಲೆ ತೆರೆಯುತ್ತದೆ.

ಪಿಟ್ಸ್‌ಬರ್ಗ್ ಕನ್ನಡಿಗ
ನಾನು ಇಲ್ಲಿನ ಒಂದು ಖಾಸಗಿ ಕಾಲೇಜಿನ ಪ್ರವೇಶ ವಿಭಾಗದಲ್ಲಿ ವಿದೇಶಿ ಅರ್ಜಿಗಳನ್ನು ಓದುವ ಕೆಲಸ ಮಾಡಿದ್ದೇನೆ. ಜಯನಗರದವರು ಹೇಳಿದ ಮೊದಲ ಭಾಗ ನಿಜ. ಆದರೆ ‘ಆಮೇಲೆ ಕೇಳಿದರಾಯಿತು’ ಎಂಬ ಮಾತು ತೀರ್ಥಹಳ್ಳಿಯವರ ಕುಟುಂಬಕ್ಕೆ ಅಪಾಯಕಾರಿ ಎಂದು ಒತ್ತಿ ಹೇಳಬಯಸುತ್ತೇನೆ. ಅರ್ಜಿಯ ಹಂತದಲ್ಲಿ ನೆರವು ಬೇಡವೆಂದ ವಿದೇಶಿ ವಿದ್ಯಾರ್ಥಿಗೆ ಮುಂದಿನ ನಾಲ್ಕು ವರ್ಷಗಳಲ್ಲಿ ಎಂದಿಗೂ ನೆರವು ಕೊಡುವುದಿಲ್ಲ ಎಂಬ ನಿಯಮವನ್ನು ಸ್ಟ್ಯಾನ್‌ಫರ್ಡ್ ಸ್ಪಷ್ಟವಾಗಿ ಪ್ರಕಟಿಸಿದೆ. ಇಂಥದೇ ನಿಯಮ ಬೇರೆ ಹಲವು ಕಾಲೇಜುಗಳಲ್ಲೂ ಇದೆ. ಪ್ರವೇಶ ದೊರೆತರೂ ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಕೊಡುವ ಮೊದಲು, ಕನಿಷ್ಠ ಮೊದಲ ವರ್ಷದ ಪೂರ್ಣ ವೆಚ್ಚಕ್ಕೆ ಹಣವಿದೆಯೆಂದು ತೋರಿಸುವ ಬ್ಯಾಂಕ್ ದಾಖಲೆಗಳನ್ನು ಕಾಲೇಜು ಕೇಳುತ್ತದೆ. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿದರೆ ವರ್ಷಕ್ಕೆ 85,000 ಡಾಲರ್ ದಾಟುವುದು ಈಗ ಸಾಮಾನ್ಯವಾಗಿದ್ದು, ಇದು 70 ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಕ್ಯಾಂಪಸ್ ಕೆಲಸವೆಂದರೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ. ಅದರಿಂದ ಪುಸ್ತಕ, ಬಟ್ಟೆ, ಓಡಾಟದ ಖರ್ಚು ನೀಗಬಹುದೇ ಹೊರತು ಶುಲ್ಕವಲ್ಲ. ಏಪ್ರಿಲ್‌ನಲ್ಲಿ ಪ್ರವೇಶ ಪತ್ರ ಕೈಗೆ ಬಂದು, ಮೇ ತಿಂಗಳಲ್ಲಿ ಹಣವಿಲ್ಲದೆ ಅದನ್ನು ಕೈಬಿಡಬೇಕಾದ ಮಕ್ಕಳನ್ನು ನಾನು ಕಂಡಿದ್ದೇನೆ. ಅಷ್ಟು ಹೊತ್ತಿಗೆ ನೆರವು ಕೊಡಬಹುದಾಗಿದ್ದ ಕಾಲೇಜುಗಳ ಬಾಗಿಲು ಮುಚ್ಚಿರುತ್ತದೆ.

ಮೈಸೂರಿನ ಉಪನ್ಯಾಸಕಿ
ಸಾಲದ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಬಾಕಿ ವಸೂಲಿಗಾಗಿ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹೀಗಾಗಿ ದೊಡ್ಡ ಮೊತ್ತದ ಶೈಕ್ಷಣಿಕ ಸಾಲಕ್ಕೆ ತೋಟವನ್ನು ಅಡವಾಗಿ ಸ್ವೀಕರಿಸಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ; ಪಟ್ಟಣದ ನಿವೇಶನವನ್ನೋ ಮನೆಯನ್ನೋ ಕೇಳುತ್ತವೆ. ಬೆಂಗಳೂರಿನಲ್ಲಿ ಸ್ವಂತ ಮನೆಯಿರುವ ಕುಟುಂಬಕ್ಕೆ ಸುಲಭವಾದ ದಾರಿ ಮಲೆನಾಡಿನ ಬೆಳೆಗಾರರಿಗೂ ಸುಲಭವಾಗಿರುತ್ತದೆ ಎಂದುಕೊಳ್ಳಬಾರದು.

ಜಯನಗರದ ಓದುಗ
ಮೇಡಂ ಹೇಳಿದ ತೊಡಕನ್ನು ಒಪ್ಪುತ್ತೇನೆ. ಆದರೂ ನನ್ನ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ: ನೆರವು ಕೇಳಿ ಎಲ್ಲ ಕಡೆಯೂ ತಿರಸ್ಕಾರವೇ ಬಂದರೆ ಆ ಹುಡುಗಿಗೆ ಉಳಿಯುವುದೇನು? ವಿದೇಶಿಯರ ಹಣಕಾಸನ್ನು ಪ್ರವೇಶದ ವೇಳೆ ಪರಿಗಣಿಸದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳಲ್ಲಿ ಒಟ್ಟಾರೆ ಅರ್ಜಿದಾರರ ಪೈಕಿಯೇ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ ಪ್ರವೇಶ ಸಿಗುತ್ತದೆ. ಅವುಗಳನ್ನು ನಂಬಿ ಒಂದು ವರ್ಷವನ್ನು ಪಣಕ್ಕಿಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪಿಟ್ಸ್‌ಬರ್ಗ್ ಕನ್ನಡಿಗ
ಪಟ್ಟಿ ಆ ನಾಲ್ಕಕ್ಕೇ ಮುಗಿಯುವುದಿಲ್ಲ. ಆಮ್‌ಹರ್ಸ್ಟ್ ಬಹಳ ಹಿಂದಿನಿಂದ ಆ ಗುಂಪಿನಲ್ಲಿದೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೌಡನ್ ಸೇರಿಕೊಂಡವು. ಆ ಬಳಿಕ ಬ್ರೌನ್ ಕೂಡ ಇದೇ ನೀತಿಯನ್ನು ವಿದೇಶಿಯರಿಗೆ ವಿಸ್ತರಿಸಿತು. ಇವೆಲ್ಲವೂ ಬಹಳ ಕಠಿಣ ಎಂಬುದನ್ನು ಒಪ್ಪುತ್ತೇನೆ. ನಾನು ಹೆಚ್ಚು ಒತ್ತು ಕೊಡುವುದು ಎರಡನೆಯ ಗುಂಪಿಗೆ. ಗ್ರಿನ್ನೆಲ್, ಮೆಕ್ಯಾಲೆಸ್ಟರ್, ಸ್ವಾರ್ಥ್‌ಮೋರ್‌ನಂಥ ಕಾಲೇಜುಗಳು ಹಣದ ಅಗತ್ಯವನ್ನು ಗಮನಿಸಿಯೇ ಪ್ರವೇಶ ಕೊಡುತ್ತವೆ, ಆದರೆ ಒಮ್ಮೆ ಆರಿಸಿಕೊಂಡರೆ ತಾವು ಲೆಕ್ಕಹಾಕಿದ ಪೂರ್ಣ ಅಗತ್ಯವನ್ನು ಭರಿಸುತ್ತವೆ. ಇಂಥಲ್ಲಿ ವರ್ಷಕ್ಕೆ 10 ಲಕ್ಷ ಕೊಡಬಲ್ಲ ಕುಟುಂಬ, ಏನೂ ಕೊಡಲಾಗದ ಕುಟುಂಬಕ್ಕಿಂತ ಸ್ವಲ್ಪವಾದರೂ ಅನುಕೂಲ ಸ್ಥಿತಿಯಲ್ಲಿರುತ್ತದೆ. 1855ರಲ್ಲಿ ಸ್ಥಾಪನೆಯಾದ ಕೆಂಟಕಿಯ ಬೆರಿಯಾ ಕಾಲೇಜಂತೂ ಬಡ ವಿದ್ಯಾರ್ಥಿಗಳಿಗಾಗಿಯೇ ನಡೆಯುವ ಸಂಸ್ಥೆ. ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ, ಎಲ್ಲರೂ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು. ಈ ಹೆಸರು ನಮ್ಮ ಊರಿನ ಪೋಷಕರ ಕಿವಿಗೆ ಬೀಳುವುದೇ ಇಲ್ಲವೆಂಬುದು ನನ್ನ ಬೇಸರ.

ಬೀಳದಿರಲು ಒಂದು ಕಾರಣವೂ ಇದೆ. ಸರ್ಕಾರಿ ನೆರವು ಪಡೆಯುವ ತನ್ನ ನಾಗರಿಕ ವಿದ್ಯಾರ್ಥಿಗಳನ್ನು ತಲೆಗಿಷ್ಟು ಎಂದು ಕಮಿಷನ್ ಕೊಟ್ಟು ಸೇರಿಸಿಕೊಳ್ಳುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಹೊರದೇಶಗಳಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ಮಾತ್ರ ಆ ನಿಷೇಧದಿಂದ ವಿನಾಯಿತಿಯಿದೆ. ಆದ್ದರಿಂದ ಹಲವು ವಿಶ್ವವಿದ್ಯಾಲಯಗಳು ಭಾರತದ ಏಜೆಂಟರಿಗೆ ಕಮಿಷನ್ ಕೊಡುತ್ತವೆ, ಅದೂ ಬಹಳಷ್ಟು ಸಲ ವಿದ್ಯಾರ್ಥಿ ಕಟ್ಟುವ ಶುಲ್ಕದ ಒಂದು ಪಾಲಾಗಿ. ಶುಲ್ಕವನ್ನೇ ಪಡೆಯದ ಕಾಲೇಜನ್ನು ಸೂಚಿಸಿದರೆ ಅವರಿಗೆ ಬರುವುದೇನಿದೆ? ಎಲ್ಲ ಕನ್ಸಲ್ಟೆನ್ಸಿಗಳೂ ಹೀಗೆಂದು ಹೇಳುತ್ತಿಲ್ಲ. ತಮ್ಮ ಮುಂದೆ ಕುಳಿತವರಿಗೆ ಕಾಲೇಜಿನಿಂದ ಹಣ ಬರುತ್ತದೆಯೇ ಎಂದು ಪೋಷಕರು ನೇರವಾಗಿ ಕೇಳಬೇಕು, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಸಂಶೋಧನಾ ವಿದ್ಯಾರ್ಥಿ
ನಾನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೀವಶಾಸ್ತ್ರವೇ ಗುರಿಯಾದರೆ ಪದವಿಯನ್ನು ಭಾರತದಲ್ಲೇ ಮುಗಿಸಿ ಪಿಎಚ್‌ಡಿಗೆ ಬರುವುದು ಮೇಲು ಎಂಬುದು ನನ್ನ ಅಭಿಪ್ರಾಯ. ವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ ಜೀವನವೆಚ್ಚಕ್ಕೆ ಸ್ಟೈಪೆಂಡ್ ಕೊಡುತ್ತಾರೆ. ತಂದೆಯ ತೋಟದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಒಂದು ಎಚ್ಚರಿಕೆ ಅಗತ್ಯ. ಕರ್ನಾಟಕ ಸರ್ಕಾರ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ವ್ಯವಸ್ಥೆಗೆ ಮರಳಿದೆ, ಆದರೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಹದಿನಾರು ವರ್ಷಗಳ ಒಟ್ಟು ಶಿಕ್ಷಣವನ್ನು ನಿರೀಕ್ಷಿಸುತ್ತವೆ. ಆದ್ದರಿಂದ ಐಐಎಸ್‌ಸಿಯ ನಾಲ್ಕು ವರ್ಷದ ವಿಜ್ಞಾನ ಪದವಿ, ಐಸರ್‌ಗಳ (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಐದು ವರ್ಷದ ಕೋರ್ಸು, ಇಲ್ಲವೇ ಬಿಎಸ್ಸಿಯ ನಂತರ ಎಂಎಸ್ಸಿ, ಇವುಗಳಲ್ಲಿ ಒಂದನ್ನು ಈಗಲೇ ಯೋಚಿಸಿಡಬೇಕು.

ಮೈಸೂರಿನ ಉಪನ್ಯಾಸಕಿ
ಆ ದಾರಿಯೂ ಈಗ ಮೊದಲಿನಷ್ಟು ಭದ್ರವಾಗಿಲ್ಲ. ಅಮೆರಿಕ ಸರ್ಕಾರ ಸಂಶೋಧನಾ ಅನುದಾನಕ್ಕೆ ಕತ್ತರಿ ಹಾಕಿದ್ದರಿಂದ 2025ರಲ್ಲಿ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟುಗಳನ್ನೇ ಕಡಿಮೆ ಮಾಡಿದವು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲವಲ್ಲ? ಹುಡುಗಿ ಐಸರ್ ಪರೀಕ್ಷೆಯನ್ನೂ ಬರೆಯಲಿ, ಅಮೆರಿಕಕ್ಕೂ ಅರ್ಜಿ ಹಾಕಲಿ. ತಿರಸ್ಕಾರ ಬಂದರೆ ಉಳಿಯುವುದೇನು ಎಂಬ ಜಯನಗರದವರ ಆತಂಕಕ್ಕೆ ಇದೇ ನನ್ನ ಉತ್ತರ.

ತೀರ್ಥಹಳ್ಳಿಯ ಪೋಷಕ
ಎಲ್ಲರಿಗೂ ಕೃತಜ್ಞತೆಗಳು. ನೆರವು ಬೇಕೆಂದೇ ಬರೆಯಲು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಎರಡು ಸಂದೇಹಗಳಿವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ನನ್ನ ಹೆಸರಿನಲ್ಲಿ ರಿಟರ್ನ್ಸ್ ಸಲ್ಲಿಸಿಲ್ಲ. ಆದಾಯವನ್ನು ಹೇಗೆ ತೋರಿಸಬೇಕು? ತೋಟದ ಬೆಲೆ ನೋಡಿ ನಮ್ಮನ್ನು ಶ್ರೀಮಂತರೆಂದು ಭಾವಿಸುವುದಿಲ್ಲವೇ? ಮತ್ತೊಂದು, ಉಪನ್ಯಾಸಕರ ಶಿಫಾರಸು ಪತ್ರವನ್ನು ತಾವೇ ಸಿದ್ಧಪಡಿಸಿ, ಅವರ ಹೆಸರಿನಲ್ಲಿ ಹೊಸ ಇಮೇಲ್ ತೆರೆದು ಕಳುಹಿಸುತ್ತೇವೆ ಎನ್ನುತ್ತಿದ್ದಾರೆ ಅದೇ ಕನ್ಸಲ್ಟೆನ್ಸಿಯವರು.

ಪಿಟ್ಸ್‌ಬರ್ಗ್ ಕನ್ನಡಿಗ
ಹೆಚ್ಚಿನ ಖಾಸಗಿ ಕಾಲೇಜುಗಳು ‘ಸಿಎಸ್ಎಸ್ ಪ್ರೊಫೈಲ್’ ಎಂಬ ಅರ್ಜಿಯ ಮೂಲಕ ಕುಟುಂಬದ ಆದಾಯ, ಆಸ್ತಿಗಳ ವಿವರ ಪಡೆಯುತ್ತವೆ. ತೋಟವನ್ನು ಮುಚ್ಚಿಡಬೇಡಿ. ಜೀವನೋಪಾಯದ ಭೂಮಿಯೆಂಬುದನ್ನು ವಿಶೇಷ ವಿವರಣೆಯ ಜಾಗದಲ್ಲಿ ಬರೆಯಿರಿ: ಎಷ್ಟು ಎಕರೆ, ಕಳೆದ ಮೂರು ವರ್ಷಗಳ ಇಳುವರಿ, ಕೊಳೆರೋಗ ಬಂದ ವರ್ಷ ಎಷ್ಟು ನಷ್ಟವಾಯಿತು, ಕೂಲಿ ಮತ್ತು ಔಷಧಿ ಸಿಂಪಡಣೆಗೆ ಎಷ್ಟು ಹೋಗುತ್ತದೆ. ಜೊತೆಗೆ ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಅಡಿಕೆ ಮಾರಿದ ಸೊಸೈಟಿಯ ಬಿಲ್ಲುಗಳು, ಪತ್ನಿಯವರ ಫಾರಂ 16 ಇರಲಿ. ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ವಿವರಣೆ ಎಷ್ಟು ಸ್ಪಷ್ಟವಾಗಿದೆಯೋ ಓದುವವರಿಗೆ ಅಷ್ಟು ಸಹಾಯವಾಗುತ್ತದೆ.

ಮೈಸೂರಿನ ಉಪನ್ಯಾಸಕಿ
ನಕಲಿ ಇಮೇಲ್‌ಗೆ ದಯವಿಟ್ಟು ಒಪ್ಪಬೇಡಿ. ಗೊತ್ತಾದರೆ ಕೊಟ್ಟ ಪ್ರವೇಶವನ್ನೂ ರದ್ದುಪಡಿಸುತ್ತಾರೆ, ಅದರ ಪರಿಣಾಮವನ್ನು ಅನುಭವಿಸುವವಳು ನಿಮ್ಮ ಮಗಳೇ ಹೊರತು ಅವರಲ್ಲ. ಪಿಯು ಕಾಲೇಜಿನ ಉಪನ್ಯಾಸಕರಿಗೆ ಈ ಪದ್ಧತಿ ಹೊಸದಿರಬಹುದು. ಆದರೆ ಕಾಮನ್ ಆಪ್‌ನಿಂದ ಅವರ ಇಮೇಲ್‌ಗೆ ಬರುವ ಕೊಂಡಿಯನ್ನು ತೆರೆದು ಪತ್ರ ಸೇರಿಸುವುದು ಕಷ್ಟದ ಕೆಲಸವಲ್ಲ, ಮಗಳೇ ಎದುರು ಕುಳಿತು ವಿಧಾನ ತೋರಿಸಬಹುದು. ಇನ್ನೊಂದು ಕೆಲಸ ಈ ವಾರವೇ ಆಗಬೇಕು. ಒಂಬತ್ತನೇ ತರಗತಿಯಿಂದ ಮುಂದಿನ ಎಲ್ಲ ಅಂಕಪಟ್ಟಿಗಳನ್ನೂ ಕೇಳುತ್ತಾರೆ, ನಮ್ಮಲ್ಲಿ ಎಸ್ಸೆಸ್ಸೆಲ್ಸಿಯದನ್ನು ಬಿಟ್ಟು ಒಂಬತ್ತರದನ್ನು ಯಾರೂ ಜೋಪಾನವಾಗಿ ಇಟ್ಟಿರುವುದಿಲ್ಲ. ಹಳೆಯ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ಪ್ರತಿಯನ್ನು ದಸರಾ ರಜೆಗೆ ಮೊದಲೇ ಪಡೆದುಕೊಳ್ಳಿ.