ಮ್ಯಾಕ್‌ಡವೆಲ್ ಕೌಂಟಿಯ ಮನೆವಾರು ಆದಾಯ: ಬೇರೆ ಬೇರೆ ವರ್ಷಗಳ ಮಧ್ಯಾಂಕಗಳನ್ನು ಒಂದೇ ಸಾಲಿನಲ್ಲಿ ಜೋಡಿಸಬಹುದೇ?

ಬೆಟ್ಟದಹಾದಿ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಮ್ಯಾಕ್‌ಡವೆಲ್ ಕೌಂಟಿಯ ಬಗ್ಗೆ ಒಂದು ಸಣ್ಣ ಪ್ರಬಂಧ ಬರೆಯುತ್ತಿದ್ದೇನೆ. ಕಲ್ಲಿದ್ದಲಿನ ಗಣಿಗಳು ಭರಾಟೆಯಲ್ಲಿದ್ದ 1950ರಲ್ಲಿ ಅಲ್ಲಿ ಒಂದು ಲಕ್ಷದ ಹತ್ತಿರ ಜನರಿದ್ದರು. 2020ರ ಗಣತಿಯ ಹೊತ್ತಿಗೆ ಉಳಿದವರು 19,111 ಮಂದಿ. ಮನೆವಾರು ಆದಾಯದ ಮಧ್ಯಾಂಕ (ಮನೆಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ) 2000ರ ಗಣತಿಯಲ್ಲಿ 16,931 ಡಾಲರ್ ಇದ್ದದ್ದು, ಗಣತಿ ಇಲಾಖೆಯಾದ ಸೆನ್ಸಸ್ ಬ್ಯೂರೋ ನಡೆಸುವ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯುನಿಟಿ ಸರ್ವೆಯ 2006–10ರ ಅಂದಾಜಿನಲ್ಲಿ 22,154 ಡಾಲರ್ ಆಗಿದೆ. ಅಂದರೆ ಶೇಕಡ 31ರಷ್ಟು ಏರಿಕೆ. ಜನ ಗುಳೆ ಹೋಗುತ್ತಿರುವ ಊರಿನಲ್ಲಿ ಈ ಪಾಟಿ ಏರಿಕೆ ಎಂದರೆ ನನಗೆ ನಂಬಿಕೆ ಬರುತ್ತಿಲ್ಲ. ಅಲ್ಲದೆ, ಸರ್ವೆಯ ಐದು ವರ್ಷಗಳ ಅಂದಾಜು ಪ್ರತಿ ವರ್ಷವೂ ಹೊಸದಾಗಿ ಪ್ರಕಟವಾಗುವುದರಿಂದ, ಅವೆಲ್ಲವನ್ನೂ ಸಾಲಾಗಿಟ್ಟು ಒಂದು ಗೆರೆ ಎಳೆಯಬಹುದೇ ಎಂಬುದೂ ತಿಳಿಯಬೇಕಾಗಿದೆ.

ಲೆಕ್ಕದಪುಸ್ತಕ:
ನಿಮ್ಮ ಅನುಮಾನ ಸರಿಯಾಗಿಯೇ ಇದೆ. 2000ರ ಗಣತಿಯ ಉದ್ದನೆಯ ನಮೂನೆ (ವಿವರವಾದ ಪ್ರಶ್ನಾವಳಿ), ಸರಿಸುಮಾರು ಆರು ಮನೆಗಳಲ್ಲಿ ಒಂದಕ್ಕೆ ಹೋದದ್ದು, ಕೇಳಿದ್ದು 1999ರ ಆದಾಯವನ್ನು. ಆದ್ದರಿಂದ ಆ 16,931 ಎಂಬುದು 1999ರ ಡಾಲರ್. 22,154 ಎಂಬುದು 2010ರ ಡಾಲರ್. ಗ್ರಾಹಕ ಬೆಲೆ ಸೂಚ್ಯಂಕ 1999ರಲ್ಲಿ 166.6, 2010ರಲ್ಲಿ 218.1. ಹಳೆಯ ಮೊತ್ತವನ್ನು ಈ ಅನುಪಾತದಿಂದ ಗುಣಿಸಿ ನೋಡಿ: ಸುಮಾರು 22,160 ಬರುತ್ತದೆ. ಶೇಕಡ 31ರ ಏರಿಕೆ ಎಂದು ಕಂಡದ್ದು ಪೂರ್ತಿಯಾಗಿ ಬೆಲೆಯೇರಿಕೆ. ಹನ್ನೊಂದು ವರ್ಷಗಳಲ್ಲಿ ಆ ಕೌಂಟಿಯ ನಡುವಿನ ಮನೆ ಇದ್ದಲ್ಲೇ ಇದೆ.

ಇನ್ನೊಂದು ಎಚ್ಚರಿಕೆ. ಅದೇ 2000ರ ಗಣತಿಯಲ್ಲಿ 20,496 ಡಾಲರ್ ಎಂಬ ಅಂಕಿಯೂ ನಿಮ್ಮ ಕಣ್ಣಿಗೆ ಬೀಳಬಹುದು. ಅದು ರಕ್ತಸಂಬಂಧ, ಮದುವೆ ಅಥವಾ ದತ್ತಿನಿಂದ ಕೂಡಿದ ಕುಟುಂಬಗಳದ್ದು. ಮನೆವಾರು ಲೆಕ್ಕದಲ್ಲಿ ಒಂಟಿಯಾಗಿರುವ ವೃದ್ಧೆಯ ಮನೆಯೂ ಒಂದು ಮನೆಯೇ. ಯುವಕರು ಹೊರಟುಹೋದ ಗಣಿಯೂರಿನಲ್ಲಿ ಇಂಥ ಮನೆಗಳು ಕಡಿಮೆ ಇರುವುದಿಲ್ಲ. ಒಂದು ವರ್ಷಕ್ಕೆ ಇದನ್ನೂ ಇನ್ನೊಂದು ವರ್ಷಕ್ಕೆ ಅದನ್ನೂ ತೆಗೆದುಕೊಂಡವರನ್ನು ನಾನೇ ನೋಡಿದ್ದೇನೆ.

ಮೂರನೇಮಹಡಿ:
ಗೆರೆಯ ವಿಷಯಕ್ಕೆ ಬರುತ್ತೇನೆ. ಒಂದು ವರ್ಷದ ಅಂದಾಜು ಸಿಗುವುದು 65,000 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರದೇಶಗಳಿಗೆ ಮಾತ್ರ. ನಿಮ್ಮ ಕೌಂಟಿಗೆ ಐದು ವರ್ಷಗಳದ್ದೇ ಗತಿ. ಅದು ಐದು ಮಧ್ಯಾಂಕಗಳ ಸರಾಸರಿಯಲ್ಲ. ಅರವತ್ತು ತಿಂಗಳುಗಳಲ್ಲಿ ಉತ್ತರಿಸಿದ ಮನೆಗಳನ್ನೆಲ್ಲ ಒಂದೇ ರಾಶಿಗೆ ಸುರಿದು, ಅವರವರು ಹೇಳಿದ ಹಿಂದಿನ ಹನ್ನೆರಡು ತಿಂಗಳ ಆದಾಯವನ್ನು ಕೊನೆಯ ವರ್ಷದ ಬೆಲೆಗೆ ಏರಿಸಿ, ಆ ರಾಶಿಯ ನಡುವಿನ ಮೊತ್ತವನ್ನು ಆರಿಸಿದ್ದು. 2006–10 ಮತ್ತು 2007–11ರ ರಾಶಿಗಳಲ್ಲಿ ನಾಲ್ಕು ವರ್ಷಗಳ ಮನೆಗಳು ಒಂದೇ ಆಗಿರುವುದರಿಂದ, ಅವುಗಳ ನಡುವಿನ ವ್ಯತ್ಯಾಸ ಹೇಳುವುದು 2006 ಹೊರಗೆ ಹೋಗಿ 2011 ಒಳಗೆ ಬಂದದ್ದನ್ನು ಮಾತ್ರ. ಒಂದರ ಮೇಲೊಂದು ಬೀಳದ 2006–10, 2011–15, 2016–20 ಇವನ್ನಷ್ಟೇ ಹೋಲಿಸಿ.

ಪ್ರತಿ ಅಂಕಿಯ ಪಕ್ಕದ ದೋಷಮಿತಿಯನ್ನು, ಅಂದರೆ ಅಂದಾಜು ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಅಳತೆಯನ್ನು, ಬಿಡಬೇಡಿ. ಅದು ಶೇಕಡ 90ರ ವಿಶ್ವಾಸಮಟ್ಟದ್ದು. ಉದಾಹರಣೆಗೆ ಎರಡೂ ಅಂದಾಜುಗಳಿಗೆ 2,000 ಡಾಲರ್ ದೋಷಮಿತಿ ಇದೆ ಎಂದುಕೊಂಡರೆ, ವ್ಯತ್ಯಾಸದ ದೋಷಮಿತಿ ಎರಡರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 2,830. ಅದಕ್ಕಿಂತ ಕಡಿಮೆ ಏರಿಳಿತವನ್ನು ಬದಲಾವಣೆ ಎನ್ನುವಂತಿಲ್ಲ. 2016–20ರ ರಾಶಿಯಲ್ಲಿ ಕೋವಿಡ್ ವರ್ಷವೂ ಇದೆ. 2020ರಲ್ಲಿ ಉತ್ತರಿಸಿದವರು ಕಡಿಮೆಯಾದ್ದರಿಂದ ಸೆನ್ಸಸ್ ಬ್ಯೂರೋ ಆ ವರ್ಷದ ಮಾಮೂಲಿ ಒಂದು ವರ್ಷದ ಅಂದಾಜನ್ನೇ ಪ್ರಕಟಿಸಲಿಲ್ಲ.

ಬೆಟ್ಟದಹಾದಿ:
ಇಬ್ಬರಿಗೂ ಧನ್ಯವಾದ. ಆದರೆ ಕಲ್ಲಿದ್ದಲಿನ ಏರಿಳಿತ ವರ್ಷವರ್ಷಕ್ಕೂ ನಡೆಯುವಂಥದ್ದು. ಮೂರು ಚುಕ್ಕೆಗಳಲ್ಲಿ ಅದು ಕಾಣುವುದಿಲ್ಲವಲ್ಲ?

ಲೆಕ್ಕದಪುಸ್ತಕ:
ಅದಕ್ಕೆ ಸೆನ್ಸಸ್ ಬ್ಯೂರೋದ್ದೇ ಆದ ಸೈಪ್ (SAIPE, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ) ಅಂದಾಜುಗಳಿವೆ. ಎಲ್ಲ ಕೌಂಟಿಗಳಿಗೂ ವರ್ಷಕ್ಕೊಂದು ಮಧ್ಯಾಂಕ ಕೊಡುತ್ತವೆ. ಸರ್ವೆಯ ಅಂಕಿಯನ್ನು ಆದಾಯ ತೆರಿಗೆಯ ವಿವರಗಳಂಥ ಆಡಳಿತ ದಾಖಲೆಗಳೊಡನೆ ಒಂದು ಮಾದರಿಗೆ ಹಾಕಿ, ಸಣ್ಣ ಕೌಂಟಿಯ ಜೋಲಾಡುವ ಅಂಕಿಯನ್ನು ಮಾದರಿಯ ಕಡೆಗೆ ಎಳೆದು ನಿಲ್ಲಿಸುತ್ತಾರೆ. ಬಡತನದ ಅಂದಾಜಿಗೆ ಆಹಾರ ನೆರವು ಪಡೆಯುವವರ ಸಂಖ್ಯೆಯನ್ನೂ ಸೇರಿಸುತ್ತಾರೆ. (1961ರಲ್ಲಿ ಕೆನಡಿ ಸರ್ಕಾರ ಮತ್ತೆ ಆರಂಭಿಸಿದ ಫುಡ್ ಸ್ಟಾಂಪ್ ಎಂಬ ಆಹಾರ ನೆರವಿನ ಚೀಟಿ ಮೊದಲು ಕೈಸೇರಿದ್ದು ಈ ಮ್ಯಾಕ್‌ಡವೆಲ್ ಕೌಂಟಿಯವರಿಗೇ. ಹಾಗೆಂದು ಆ ನೆರವಿನ ಬೆಲೆಯನ್ನು ಸರ್ವೆ ಆದಾಯವೆಂದು ಎಣಿಸುವುದಿಲ್ಲ. ಸೋಷಿಯಲ್ ಸೆಕ್ಯೂರಿಟಿ, ಅಂದರೆ ವೃದ್ಧಾಪ್ಯದ ಪಿಂಚಣಿಯಂಥ ಸರ್ಕಾರಿ ಹಣವನ್ನು ಎಣಿಸುತ್ತದೆ.)

ಸೈಪ್‌ನಲ್ಲೂ ಒಂದು ಹೊಲಿಗೆ ಇದೆ. 2004ರವರೆಗೆ ಅದರ ಬುಡದಲ್ಲಿದ್ದದ್ದು ಕರೆಂಟ್ ಪಾಪ್ಯುಲೇಷನ್ ಸರ್ವೆ ಎಂಬ ಬೇರೆ ಸಮೀಕ್ಷೆ. 2005ರಿಂದ ಅಮೆರಿಕನ್ ಕಮ್ಯುನಿಟಿ ಸರ್ವೆ. ಆ ಜಾಗದಲ್ಲಿ ಗೆರೆಯನ್ನು ಮುರಿದು ತೋರಿಸಿ. ತೆರಿಗೆ ವಿವರ ಸಲ್ಲಿಸದ ಮನೆಗಳು ಹೆಚ್ಚಿರುವ ಕಡೆ ಮಾದರಿ ಎಷ್ಟರಮಟ್ಟಿಗೆ ಊಹೆ ಎಂಬುದೂ ನೆನಪಿರಲಿ. ನಿಜವಾದ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ವಿಶ್ವಾಸಾಂತರವನ್ನು ಅವರೇ ಕೊಟ್ಟಿರುತ್ತಾರೆ.

ಬೆಟ್ಟದಹಾದಿ:
ಹಾಗಾದರೆ ಗೆರೆಯನ್ನು ಸೈಪ್‌ನಿಂದ, 2005ರಿಂದೀಚೆಗೆ ಮಾತ್ರ ಎಳೆಯುತ್ತೇನೆ. ಸರ್ವೆಯ ಮೂರು ಅಂಕಿಗಳನ್ನು ದೋಷಮಿತಿಯ ಕಡ್ಡಿಗಳೊಂದಿಗೆ ಬೇರೆ ಚಿತ್ರದಲ್ಲಿಡುತ್ತೇನೆ. 1999ರ ಅಂಕಿ 22,160 ಎಂದು ಆ ಚಿತ್ರದ ಎಡಗಡೆಗೆ ಒಂಟಿಯಾಗಿ ಕೂರಲಿ.

ಮೂರನೇಮಹಡಿ:
ಸರಿ. ಆದರೆ 2016–20ರ ಅಂಕಿ 2020ರ ಡಾಲರ್‌ನಲ್ಲಿರುತ್ತದೆ. ಉಳಿದ ಮೂರನ್ನೂ ಮೊದಲು ಆ ಬೆಲೆಗೆ ತನ್ನಿ. ಆಗ ನಿಮ್ಮ 22,160 ಕೂಡ ಬದಲಾಗುತ್ತದೆ.